‘ಎಂಬ’ ಸೀಮೆಯಲ್ಲೊಂದು ಸುತ್ತು

ತಮಿಳುನಾಡಿನ ರಾಯಕೋಟೆಯ ಟೊಮೆಟೊ ಮಂಡಿಯಲ್ಲಿ ಒಂದೇ ಸುದ್ದಿ ನಾಲ್ಕು ಭಾಷೆಗಳಲ್ಲಿ ಓಡಾಡುತ್ತದೆ. ನಾನು ಹೋದ ಬೆಳಿಗ್ಗೆ ಅದು ಬೆಲೆಯ ಸುದ್ದಿ. ಲಾರಿಯ ಪಕ್ಕದಲ್ಲಿ ಕ್ರೇಟು ಎಣಿಸುತ್ತಿದ್ದ ಹುಡುಗ ಫೋನನ್ನು ಕಿವಿಯಿಂದ ಇಳಿಸಿ, ‘ರೇಟು ಬಿದ್ದೋಯ್ತಂತೆ ಕಣಣ್ಣಾ’ ಅಂದ. ಹಣ್ಣು ಆರಿಸುತ್ತಿದ್ದ ಹೆಂಗಸು ಆಚೆಯವಳಿಗೆ ಅದನ್ನೇ ತೆಲುಗಿನಲ್ಲಿ ದಾಟಿಸಿದಳು: ‘ರೇಟು ಪಡಿಪೋಯಿಂದಂಟ.’ ಮಂಡಿಯ ಯಜಮಾನರು ತಮಿಳಿನಲ್ಲಿ, ‘ವಿಲೆ ಕೊರಂಜಿಡುಚ್ಚುನ್ನು ಸೊಲ್ರಾಂಗ’ ಎಂದರು. ಲಾರಿಯ ಡ್ರೈವರು ತನ್ನ ದಖನಿಯಲ್ಲಿ, ‘ರೇಟ್ ಗಿರ್‌ಗಯಾ ಬೋಲ್ಕೆ ಬೋಲ್ರೇ’ ಎಂದು ತಲೆಯಾಡಿಸಿದ.

ನಾನು ನಿಂತಲ್ಲೇ ನಿಂತೆ. ಬೆಲೆ ಬಿದ್ದದ್ದು ಅವರೆಲ್ಲರಿಗೂ ಕಷ್ಟದ ಸಂಗತಿ, ಅದು ನನಗೂ ತಿಳಿಯಿತು. ಆದರೆ ಆ ನಾಲ್ಕು ವಾಕ್ಯಗಳ ಬಾಲವನ್ನು ನೋಡಿ: ಅಂತೆ, ಅಂಟ, ಉನ್ನು, ಬೋಲ್ಕೆ. ನಾಲ್ಕರಲ್ಲೂ ಅಡಗಿರುವುದು ‘ಹೇಳು’ ಎಂಬ ಅರ್ಥದ ಒಂದು ಕ್ರಿಯಾಪದ. ಯಾರೋ ಹೇಳಿದರು, ಹೇಳಿದ್ದನ್ನು ನಾನು ಹೇಳುತ್ತಿದ್ದೇನೆ, ನೀನು ಇನ್ನೊಬ್ಬರಿಗೆ ಹೇಳಿಕೋ. ಸುದ್ದಿಯ ಜೊತೆಗೆ ಸುದ್ದಿ ನಡೆದುಬಂದ ದಾರಿಯೂ ವಾಕ್ಯದೊಳಗೇ ಇದೆ.

ನಾನು ಈ ಸೀಮೆಗೆ ಬಂದದ್ದೇ ಇದನ್ನು ಕಿವಿಯಾರೆ ಕೇಳಲು. ಇಂಗ್ಲಿಷಿನ ಒಂದು ಪುಟ್ಟ ಪದ ಬಹಳ ಕಾಲದಿಂದ ನನ್ನನ್ನು ಕಾಡುತ್ತಿದೆ. ಇಂಗ್ಲಿಷಿನವರು ಕೆಲವು ನಾಮಪದಗಳ ಬೆನ್ನಿಗೆ ‘ದಟ್’ ಹಚ್ಚಿ ಇಡೀ ವಾಕ್ಯವೊಂದನ್ನು ಅದಕ್ಕೆ ಜೋಡಿಸುತ್ತಾರೆ. ‘ದಿ ನ್ಯೂಸ್ ದಟ್ ದಿ ಪ್ರೈಸ್ ಫೆಲ್.’ ಬೆಲೆ ಬಿದ್ದಿತು ಎಂಬ ಸುದ್ದಿ. ಅವರು ‘ದಟ್’ ಇಟ್ಟ ಕಡೆ ನಾವು ‘ಎಂಬ’ ಇಡುತ್ತೇವೆ. ಆದರೆ ‘ದಟ್’ ಹುಟ್ಟಿದ್ದು ‘ಅದು’ ಎಂದು ಬೆರಳು ಮಾಡಿ ತೋರಿಸುವ ಪದವಾಗಿ. ‘ಎಂಬ’ ಹುಟ್ಟಿದ್ದು ‘ಎನ್’, ಅಂದರೆ ಹೇಳು, ಎಂಬ ಧಾತುವಿನಿಂದ. ಅವರು ತೋರಿಸುತ್ತಾರೆ, ನಾವು ನುಡಿಯುತ್ತೇವೆ. ಕನ್ನಡ, ತಮಿಳು, ತೆಲುಗು, ದಖನಿ ನಾಲ್ಕೂ ಒಂದೇ ಬೀದಿಯಲ್ಲಿ ಉಸಿರಾಡುವ ಊರುಗಳಲ್ಲಿ ಈ ನುಡಿಯುವಿಕೆ ಹೇಗಿದೆ ಎಂದು ನೋಡಬೇಕಿತ್ತು. ಹೊಸೂರು, ಕೃಷ್ಣಗಿರಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ರಾಯಕೋಟೆಗೆ ಬೆಂಗಳೂರಿನಿಂದ ಸೇಲಂ ಕಡೆಗೆ ಹೋಗುವ ರೈಲು ಸಿಗುತ್ತದೆ. ಹೊಸೂರು, ಕೆಲಮಂಗಲ ದಾಟಿದ ಮೇಲೆ ಬಂಡೆಗುಡ್ಡಗಳು ಎರಡೂ ಕಡೆ ಏಳುತ್ತವೆ. ಊರಿನ ತಲೆಯ ಮೇಲೆಯೇ ಕೋಟೆಯ ಬೆಟ್ಟ. 1791ರಲ್ಲಿ, ಮೂರನೆಯ ಮೈಸೂರು ಯುದ್ಧದಲ್ಲಿ, ಟಿಪ್ಪುವಿನ ಕೈಯಿಂದ ಈ ಕೋಟೆ ಕಂಪನಿಯ ಸೈನ್ಯಕ್ಕೆ ಹೋಯಿತು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಎಂಬ ಈ ಸೀಮೆ ಪೂರ್ತಿಯಾಗಿ ಅವರದಾಯಿತು. ಅಲೆಗ್ಸಾಂಡರ್ ರೀಡ್ ಇಲ್ಲಿನ ಆಡಳಿತಕ್ಕೆ ಬಂದ. ಅವನ ಸಹಾಯಕರಲ್ಲಿ ಒಬ್ಬ ಥಾಮಸ್ ಮನ್ರೋ. ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿ ಬೆಳೆದದ್ದು ಈ ಹೊಲಗಳಲ್ಲಿ. ಆಳುವವರು ರೈತನೊಡನೆ ನೇರವಾಗಿ ವ್ಯವಹರಿಸಬೇಕಾದಾಗ ರೈತನ ಮಾತು ಇಂಗ್ಲಿಷ್ ಕಾಗದಕ್ಕೆ ಏರಲೇಬೇಕು. ಕೆರೆ ಒಡೆದಿದೆ ಎಂಬ ದೂರು, ಬೆಳೆ ಒಣಗಿತು ಎಂಬ ಮೊರೆ, ಇಷ್ಟೇ ಕೊಡಬಲ್ಲೆ ಎಂಬ ಹಟ. ಈ ‘ಎಂಬ’ಗಳೆಲ್ಲ ಕಚೇರಿಯ ಮೇಜಿನ ಮೇಲೆ ‘ದಟ್’ ಆಗುವ ಕೆಲಸ ಇಲ್ಲಿ ಆಗಲೇ ಶುರುವಾಗಿರಬೇಕು ಎಂದು ಯೋಚಿಸುತ್ತ ಬಸ್ಸು ಹತ್ತಿದೆ.

ಕೃಷ್ಣಗಿರಿಗೆ ಇಳಿಯುವ ಹೊತ್ತಿಗೆ ಮಾವಿನ ಕಾಲದ ವಾಸನೆ ರಸ್ತೆಯನ್ನೇ ಹಿಡಿದಿತ್ತು. ಈ ಜಿಲ್ಲೆಯ ಮಾವಿನಲ್ಲಿ ಬಹುಪಾಲು ತೋತಾಪುರಿ. ತಿರುಳು ತೆಗೆದು ಡಬ್ಬಿ ತುಂಬುವ ಕಾರ್ಖಾನೆಗಳು ಊರ ಸುತ್ತ ಇವೆ. ನಾವು ಗಿಣಿಮೂತಿ ಮಾವು ಎನ್ನುವ ಇದೇ ಹಣ್ಣಿಗೆ ಇಲ್ಲಿನವರು ‘ಬೆಂಗಳೂರಾ’ ಎಂಬ ಹೆಸರಿಟ್ಟಿದ್ದಾರೆ. ನೋಡಿ, ಇಲ್ಲೂ ‘ಎಂಬ’ ಬಂತು. ಬೆಂಗಳೂರಾ ಎಂಬ ಹಣ್ಣು, ಕೃಷ್ಣಗಿರಿ ಎಂಬ ಊರು. ತಮಿಳಿನವರು ‘ಎನ್ನುಂ ಊರ್’ ಅನ್ನುತ್ತಾರೆ, ತೆಲುಗಿನವರು ‘ಅನೇ ಊರು’. ನಮ್ಮಲ್ಲಿ ಊರಿಗೆ ಹೆಸರು ಕೂಡಿಸುವ ಪದವೂ ಸುದ್ದಿಗೆ ವಾಕ್ಯ ಕೂಡಿಸುವ ಪದವೂ ಒಂದೇ. ಇಂಗ್ಲಿಷಿನ ‘ದಟ್’ಗೆ ಈ ಕೆಲಸ ಬರುವುದಿಲ್ಲ, ಊರ ಹೆಸರು ಹೇಳಲು ಅವರು ‘ಆಫ್’ ತರಬೇಕು, ಇಲ್ಲವೆ ‘ಕಾಲ್ಡ್’ ತರಬೇಕು. ನಮಗೆ ಹೆಸರು ಎಂದರೂ ಜನ ನುಡಿಯುವ ಮಾತು, ಸುದ್ದಿ ಎಂದರೂ ಜನ ನುಡಿಯುವ ಮಾತು.

ಮಾವಿನ ವಾಸನೆಯನ್ನು ಸುಮ್ಮನೆ ಹೇಳಲಿಲ್ಲ. ‘ಮಾವು ಹಣ್ಣಾದ ವಾಸನೆ’ ಎನ್ನುತ್ತೇವಲ್ಲ, ಅಲ್ಲಿ ‘ಎಂಬ’ ಇಲ್ಲ. ‘ಮಾವು ಹಣ್ಣಾಯಿತು ಎಂಬ ವಾಸನೆ’ ಎಂದು ಯಾವ ಕನ್ನಡಿಗರೂ ಅನ್ನರು. ‘ಬಾಗಿಲು ತಟ್ಟಿದ ಸದ್ದು’ ಸರಿ, ‘ಬಾಗಿಲು ತಟ್ಟಿದರು ಎಂಬ ಸದ್ದು’ ಅಲ್ಲ. ‘ಮರ ಬಿದ್ದ ಘಟನೆ’ ಸರಿ, ‘ಮರ ಬಿತ್ತು ಎಂಬ ಘಟನೆ’ ಕಿವಿಗೆ ಒಗ್ಗದು. ಆದರೆ ‘ಮರ ಬಿತ್ತು ಎಂಬ ಸುದ್ದಿ’, ‘ಮರ ಬೀಳುತ್ತದೆ ಎಂಬ ಭಯ’, ‘ಮರ ಬೀಳದು ಎಂಬ ನಂಬಿಕೆ’, ‘ಮರ ಬಿದ್ದಿದೆ ಎಂಬ ಸುಳ್ಳು’ ಎಲ್ಲವೂ ಸರಾಗ. ಸುದ್ದಿ, ಭಯ, ನಂಬಿಕೆ, ಸುಳ್ಳು, ಆಸೆ, ವಾದ, ಅನುಮಾನ, ಷರತ್ತು: ಇವುಗಳಿಗೆಲ್ಲ ಒಳಗೊಂದು ಮಾತಿದೆ. ವಾಸನೆ, ಸದ್ದು, ಘಟನೆಗಳಿಗೆ ಇಲ್ಲ. ಅವು ನಡೆಯುತ್ತವೆ ಅಷ್ಟೆ.

ಇನ್ನು ಇಂಗ್ಲಿಷಿನ ಕಡೆ ತಿರುಗಿದರೆ ನನಗೆ ಮೈ ನವಿರೇಳುತ್ತದೆ. ಅವರೂ ಗೆರೆ ಎಳೆದಿರುವುದು ಸರಿಯಾಗಿ ಇಲ್ಲೇ! ‘ದಿ ನ್ಯೂಸ್ ದಟ್’ ಉಂಟು, ‘ದಿ ಫಿಯರ್ ದಟ್’ ಉಂಟು, ‘ದಿ ಬಿಲೀಫ್ ದಟ್’, ‘ದಿ ಹೋಪ್ ದಟ್’, ‘ದಿ ಕ್ಲೇಮ್ ದಟ್’ ಉಂಟು. ಬಾಗಿಲು ತಟ್ಟಿದ ಸದ್ದಿಗೆ ‘ದಿ ಸೌಂಡ್ ದಟ್ ಸಮ್‌ಒನ್ ನಾಕ್ಡ್’ ಎಂದು ಬರೆಯಿರಿ, ಇಂಗ್ಲಿಷಿನವರು ಮುಖ ಸಿಂಡರಿಸುತ್ತಾರೆ. ‘ಆಫ್’ ಹಾಕಿ ಬೇರೆ ರೀತಿ ಕಟ್ಟಬೇಕು. ಎಲ್ಲಿಯ ಇಂಗ್ಲೆಂಡು, ಎಲ್ಲಿಯ ಕೃಷ್ಣಗಿರಿ. ಒಂದು ಭಾಷೆ ಬೆರಳು ತೋರಿಸುವ ಪದವನ್ನು ಹಿಡಿದು ಹೊರಟಿತು, ಇನ್ನೊಂದು ಬಾಯಿ ತೆರೆಯುವ ಪದವನ್ನು ಹಿಡಿದು ಹೊರಟಿತು. ಇಬ್ಬರೂ ಬಂದು ನಿಂತ ಗಡಿ ಒಂದೇ: ಮಾತಾಗಬಲ್ಲವು ಈ ಕಡೆ, ಮಾತಾಗದವು ಆ ಕಡೆ.

ಒಂದು ಸೊಗಸನ್ನು ಬಿಡುವಂತಿಲ್ಲ. ನಮ್ಮ ಸದ್ದಿಗೂ ‘ಎಂಬ’ ಸಿಗುತ್ತದೆ, ಅದು ತಾನೇ ಬಾಯಿ ಬಿಟ್ಟರೆ. ‘ಧೊಪ್ಪೆಂಬ ಸದ್ದು’, ‘ಸುಂಯ್ ಎಂಬ ಗಾಳಿ’. ಸದ್ದು ತನ್ನ ಮಾತನ್ನು ತಾನೇ ಆಡಿದಾಗ ಕನ್ನಡ ಅದನ್ನೂ ಮಾತನಾಡುವವರ ಸಾಲಿನಲ್ಲಿ ಕೂರಿಸುತ್ತದೆ.

ಕೃಷ್ಣಗಿರಿಯ ಕೋಟೆಬೆಟ್ಟವನ್ನು ಸೈಯದ್ ಬಾಷಾ ಬೆಟ್ಟ ಎನ್ನುತ್ತಾರೆ. ಮೇಲೆ ದರ್ಗಾ ಇದೆ. ಹತ್ತುವ ದಾರಿಯಲ್ಲಿ ದಣಿವಾರಿಸಿಕೊಳ್ಳುತ್ತಿದ್ದ ಹಿರಿಯರೊಬ್ಬರ ಪಕ್ಕ ನಾನೂ ಕುಳಿತೆ. ಅವರ ಮನೆಮಾತು ದಖನಿ. ಮಗ ನಾಳೆ ಬರುತ್ತಾನೆ ಎಂದು ಹೇಳಲು ‘ಕಲ್ ಆತೌಂ ಬೋಲ್ಕೆ ಬೋಲಾ’ ಅಂದರು. ‘ನಾಳೆ ಬರ್ತೀನಿ ಅಂತ ಅಂದ.’ ಪದಕ್ಕೆ ಪದ, ಹೆಜ್ಜೆಗೆ ಹೆಜ್ಜೆ. ದೆಹಲಿಯ ಉರ್ದುವಿನಲ್ಲಿ ಇದು ಹೀಗಿರುವುದಿಲ್ಲ. ಅಲ್ಲಿ ‘ಉಸ್‌ನೇ ಕಹಾ ಕಿ’ ಎಂದು ಮೊದಲು ಬಾಗಿಲು ತೆರೆದು ಆಮೇಲೆ ಮಾತನ್ನು ಬಿಡುತ್ತಾರೆ, ಇಂಗ್ಲಿಷಿನ ‘ದಟ್’ ಹಾಗೆಯೇ. ಅದೇ ಭಾಷೆ ದಕ್ಷಿಣಕ್ಕೆ ಬಂದು, ನೂರಾರು ವರ್ಷ ನಮ್ಮ ಅಂಗಡಿ ಬೀದಿಗಳಲ್ಲಿ ಕೂತೆದ್ದು, ‘ಕಿ’ಯನ್ನು ಬದಿಗಿಟ್ಟು ‘ಬೋಲ್ಕೆ’ಯನ್ನು ಕೈಗೆತ್ತಿಕೊಂಡಿತು. ‘ಬೋಲ್ಕೆ’ ಎಂದರೆ ‘ಹೇಳಿ’. ‘ಎಂದು’ವಿನ ಹುಟ್ಟರ್ಥವೂ ‘ಹೇಳಿ’. ಪದವನ್ನು ಎರವಲು ಪಡೆಯುವುದು ಎಲ್ಲೆಲ್ಲೂ ನಡೆಯುವ ಸಂಗತಿ. ಇಲ್ಲಿ ಪದ ಅವರದೇ, ಅದನ್ನು ಇಡುವ ಜಾಗ ನಮ್ಮದು. ಮರಾಠಿಯ ‘ಮ್ಹಣೂನ್’ ಕೂಡ ಹೇಳು ಎಂಬ ಕ್ರಿಯೆಯಿಂದ ಬಂದದ್ದೇ.

ಸಂಸ್ಕೃತದ ‘ಇತಿ’ಯೂ ಮಾತು ಮುಗಿದ ಮೇಲೆ ಬಂದು ಕೂರುತ್ತದೆ. ಭಾಷಾವಿಜ್ಞಾನಿ ಎಮೆನೊ 1956ರಲ್ಲಿ ಭಾರತವನ್ನು ಒಂದೇ ಭಾಷಾವಲಯವೆಂದು ವಿವರಿಸಿದಾಗ, ಕೈಪರ್ 1967ರಲ್ಲಿ ಅದನ್ನು ವೇದಕಾಲದವರೆಗೆ ಹಿಂದಕ್ಕೆ ಒಯ್ದಾಗ, ಇಂಥ ಹೊಂದಿಕೆಗಳೇ ಅವರ ಸಾಕ್ಷಿಗಳಾಗಿದ್ದವು. ಕೈಪರ್ ‘ಇತಿ’ಯ ಬಳಕೆಯ ಹಿಂದೆ ದ್ರಾವಿಡದ ನೆರಳನ್ನು ಕಂಡರು, ಒಪ್ಪದವರೂ ಇದ್ದಾರೆ. ನನಗಂತೂ ಕೃಷ್ಣಗಿರಿಯ ಆ ಮೆಟ್ಟಿಲ ಮೇಲೆ ಕೂತು ‘ಬೋಲ್ಕೆ’ ಕೇಳಿದ ಮೇಲೆ, ಒಂದು ಕಾಲದಲ್ಲಿ ಇನ್ನೊಂದು ಭಾಷೆಗೂ ಹೀಗೇ ಆಗಿರಬಹುದೆಂದು ನಂಬಲು ಕಷ್ಟವೆನಿಸುವುದಿಲ್ಲ. ಇನ್ನು ಕನ್ನಡ, ತಮಿಳು, ತೆಲುಗುಗಳ ವಿಷಯ ಬೇರೆ. ಅವು ಒಂದನ್ನೊಂದು ಅನುಕರಿಸಿದ್ದಲ್ಲ. ತಮಿಳಿನ ‘ಎನ್’, ಕನ್ನಡದ ‘ಎನ್’, ತೆಲುಗಿನ ‘ಅನು’ ಒಂದೇ ತಾಯಿಬೇರಿನವು; ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಘಂಟಿನಲ್ಲಿ ಮೂರೂ ಒಂದೇ ಉಲ್ಲೇಖದಡಿ ಅಕ್ಕಪಕ್ಕ ಕೂತಿವೆ. ರಾಯಕೋಟೆಯ ಮಂಡಿಯಲ್ಲಿ ಆ ಹುಡುಗನೂ ಆ ಹೆಂಗಸೂ ಆ ಯಜಮಾನರೂ ಆಡಿದ್ದು ಸಾವಿರಾರು ವರ್ಷದ ಹಿಂದೆ ಬೇರೆಯಾದ ಅಕ್ಕತಂಗಿಯರ ಮಾತು.

ಹೊಸೂರಿಗೆ ಹಿಂದಿರುಗುವ ಹೆದ್ದಾರಿಯ ಬಗ್ಗೆ ಹೆಚ್ಚು ಹೇಳಲು ಇಲ್ಲ. ಶೂಲಗಿರಿಯ ಮೊನಚು ಬಂಡೆಗಳು ಕಂಡು ಮರೆಯಾದವು, ಲಾರಿಗಳು ಸಾಲುಗಟ್ಟಿದ್ದವು. ಹೊಸೂರು ಒಂದು ಕಾಲಕ್ಕೆ ಸೇಲಂ ಜಿಲ್ಲೆಯ ತಾಲ್ಲೂಕು. 1965ರಲ್ಲಿ ಧರ್ಮಪುರಿಗೆ ಸೇರಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಬಂತು. ಈಗ ಟಿವಿಎಸ್, ಅಶೋಕ್ ಲೇಲ್ಯಾಂಡ್, ಟೈಟಾನ್ ಇರುವ ಊರು. ಚಂದ್ರಚೂಡೇಶ್ವರನ ಬೆಟ್ಟದ ಮೇಲೆ ನಿಂತರೆ ಒಂದು ಕಡೆ ಕಾರ್ಖಾನೆಯ ಛಾವಣಿಗಳು, ಇನ್ನೊಂದು ಕಡೆ ಕರ್ನಾಟಕದ ದಿಕ್ಕು. ದೇವಸ್ಥಾನದ ಸರದಿಯಲ್ಲಿ ನನ್ನ ಮುಂದಿದ್ದ ಕುಟುಂಬದಲ್ಲಿ ಅಜ್ಜಿ ತೆಲುಗು, ಸೊಸೆ ಕನ್ನಡ, ಮೊಮ್ಮಗು ತಮಿಳು. ಮೂವರೂ ಒಂದೇ ಮಾತುಕತೆಯಲ್ಲಿ ಇದ್ದರು. ಯಾರೂ ಯಾರಿಗೂ ತರ್ಜುಮೆ ಮಾಡುತ್ತಿರಲಿಲ್ಲ.

ತೊರಪಳ್ಳಿ ಹೊಸೂರಿಗೆ ಹತ್ತಿರ. ಚಕ್ರವರ್ತಿ ರಾಜಗೋಪಾಲಾಚಾರಿಯವರು 1878ರ ಡಿಸೆಂಬರ್ 10ರಂದು ಹುಟ್ಟಿದ ಊರು. ಅವರ ಮನೆ ಈಗ ಸ್ಮಾರಕ. ಹೊಸೂರಿನ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಗಿ, ಮದ್ರಾಸಿನಲ್ಲಿ ಕಾನೂನು ಕಲಿತು, ಕೊನೆಗೆ ದೇಶದ ಗವರ್ನರ್ ಜನರಲ್ ಆದರು. ಮಹಾಭಾರತವನ್ನೂ ರಾಮಾಯಣವನ್ನೂ ತಮಿಳಿನಲ್ಲಿ ಹೇಳಿದರು, ಇಂಗ್ಲಿಷಿಗೂ ತಂದರು. ಎರಡು ದಿಕ್ಕಿನಲ್ಲಿ ಓಡುವ ವಾಕ್ಯಗಳನ್ನು ಒಬ್ಬರೇ ಸಮನಾಗಿ ಆಳಿದರಲ್ಲ ಎಂಬುದು ಆ ಪುಟ್ಟ ಮನೆಯ ಅಂಗಳದಲ್ಲಿ ನನಗೆ ದೊಡ್ಡ ವಿಸ್ಮಯವಾಗಿ ಕಂಡಿತು. ಇಲ್ಲಿಂದ ಬಡಗಣಕ್ಕೆ, ಗಡಿಯ ಆಚೆ, ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರರು ಹುಟ್ಟಿದರು. ಅವರ ಮನೆಮಾತೂ ತಮಿಳೇ. ಆದರೂ ಅವರು ಕನ್ನಡದ ಆಸ್ತಿಯಾದರು. ಒಂದೇ ಬಯಲಿನ ಎರಡು ಮನೆ, ಎರಡು ಸಾಹಿತ್ಯ.

ಎರಡು ದಿಕ್ಕು ಎಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಇಂಗ್ಲಿಷಿನಲ್ಲಿ ನಾಮಪದ ಮೊದಲು, ಅದರ ಹೂರಣ ಆಮೇಲೆ. ‘ದಿ ರೂಮರ್ ದಟ್’ ಎಂದೊಡನೆ ಕೇಳುವವರಿಗೆ ಗೊತ್ತು, ಬರುತ್ತಿರುವುದು ಗಾಳಿಮಾತು. ‘ದಿ ಫ್ಯಾಕ್ಟ್ ದಟ್’ ಎಂದರೆ ಬರುತ್ತಿರುವುದು ನಿಜ. ನಂಬಬೇಕೋ ಬೇಡವೋ ಎಂಬುದನ್ನು ಬಾಗಿಲಲ್ಲೇ ಹೇಳಿ ಒಳಗೆ ಬಿಡುತ್ತಾರೆ. ಕನ್ನಡದಲ್ಲಿ ಹಾಗಲ್ಲ. ‘ಈ ಸಲ ಮಳೆ ಚೆನ್ನಾಗಿ ಆಗುತ್ತದೆ, ಕೆರೆಗಳೆಲ್ಲ ತುಂಬುತ್ತವೆ ಎಂಬ...’ ಇಲ್ಲಿಗೆ ನಿಲ್ಲಿಸಿ. ಕೇಳುವವರ ಕಣ್ಣ ಮುಂದೆ ಕೆರೆ ಆಗಲೇ ತುಂಬಿದೆ. ಮುಂದಿನ ಪದ ‘ಆಸೆ’ಯೋ, ‘ವರದಿ’ಯೋ, ‘ಸುಳ್ಳು ಭರವಸೆ’ಯೋ ಇನ್ನೂ ತಿಳಿಯದು. ಮಾತನ್ನು ಪೂರ್ತಿ ಆಡಗೊಟ್ಟು ಕೊನೆಯಲ್ಲಿ ಅದಕ್ಕೆ ಹೆಸರಿಡುವುದು ನಮ್ಮ ಪದ್ಧತಿ, ತಮಿಳು ತೆಲುಗಿನವರ ಪದ್ಧತಿ ಕೂಡ. ಒಳ್ಳೆಯ ಕಥೆಗಾರರು ಈ ಅಂತರದಲ್ಲಿ ಏನೆಲ್ಲ ಆಟ ಆಡಬಹುದು! ಇದನ್ನು ಮರೆತು, ಇಂಗ್ಲಿಷಿನ ‘ಫ್ಯಾಕ್ಟ್ ದಟ್’ ಕಂಡಲ್ಲೆಲ್ಲ ‘ಎಂಬ ಅಂಶವನ್ನು’ ಎಂದು ತುರುಕುವ ಕಚೇರಿಕನ್ನಡ ನನಗೆ ನೋವು ತರುತ್ತದೆ. ಅಮೆರಿಕದ ವಿಲಿಯಂ ಸ್ಟ್ರಂಕ್ ತಮ್ಮ ಬರವಣಿಗೆಯ ಕೈಪಿಡಿಯಲ್ಲಿ ಇಂಗ್ಲಿಷಿನವರಿಗೇ ಆ ನುಡಿಗಟ್ಟನ್ನು ಬಿಡಲು ಹೇಳಿ ನೂರು ವರ್ಷ ದಾಟಿತು. ನಾವೇಕೆ ಅದನ್ನು ಎತ್ತಿ ಮುಡಿಯಬೇಕು?

ಹೊಸೂರಿನ ನೈಋತ್ಯಕ್ಕೆ ತಳಿ, ಅದರ ಆಚೆ ಕಾಡು. ಗುಡ್ಡ, ಕೆರೆ, ತಣ್ಣನೆ ಗಾಳಿ. ತಳಿ, ಡೆಂಕಣಿಕೋಟೆಗಳ ಸುತ್ತ ಕನ್ನಡದ ಹಳ್ಳಿಗಳು ಬಹಳ. ಕನ್ನಡ ಮಾಧ್ಯಮದ ಶಾಲೆಗಳೂ ಇವೆ. ತಮಿಳುನಾಡಿನ 2006ರ ಕಾನೂನಿನಂತೆ ತಮಿಳು ಒಂದನೆಯ ತರಗತಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಕಡ್ಡಾಯವಾಗಿ, 2016ರ ಹೊತ್ತಿಗೆ ಹತ್ತನೆಯ ತರಗತಿಯ ಪರೀಕ್ಷೆಯನ್ನು ಮುಟ್ಟಿತು. ಹೀಗಾಗಿ ಇಲ್ಲಿನ ಮಗು ಕನ್ನಡದಲ್ಲಿ ಪಾಠ ಕೇಳಿ, ತಮಿಳಿನಲ್ಲಿ ಬರೆದು, ಇಂಗ್ಲಿಷಿನೊಡನೆ ಸೆಣಸಿ, ಮನೆಗೆ ಹೋಗಿ ಕೆಲವೊಮ್ಮೆ ತೆಲುಗು ಆಡುತ್ತದೆ. ಈ ಮಕ್ಕಳ ಭಾರವನ್ನು ನಾನು ಹಗುರ ಮಾಡಿ ಹೇಳಲಾರೆ. ಅವರ ಕಿವಿಯ ಸಿರಿವಂತಿಕೆಯನ್ನೂ ಕಡಿಮೆ ಮಾಡಿ ಹೇಳಲಾರೆ.

ಅಂಥದೊಂದು ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುವ ಶಿಕ್ಷಕಿ ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಗೊಟ್ಟರು. ಹಲಗೆಯ ಮೇಲೆ ಎರಡು ಸಾಲು ಬರೆದಿದ್ದರು. ‘ದಿ ನ್ಯೂಸ್ ದಟ್ ಹಿ ಬ್ರಾಟ್.’ ‘ದಿ ನ್ಯೂಸ್ ದಟ್ ಹಿ ಕೇಮ್.’ ನೋಡಲು ಅವಳಿ ವಾಕ್ಯಗಳು. ‘ಕನ್ನಡದಲ್ಲಿ ಹೇಳಿ’ ಎಂದರು. ‘ಅವನು ತಂದ ಸುದ್ದಿ’, ‘ಅವನು ಬಂದ ಎಂಬ ಸುದ್ದಿ’ ಎಂದು ಮಕ್ಕಳು ಒಟ್ಟಿಗೆ ಕೂಗಿದರು. ಅಷ್ಟೇ, ಎರಡು ‘ದಟ್’ಗಳು ಬೇರೆ ಬೇರೆಯಾಗಿ ನಿಂತವು! ಮೊದಲನೆಯದರಲ್ಲಿ ‘ವಿಚ್’ ಇಡಬಹುದು, ‘ದಟ್’ ಬಿಟ್ಟೇಬಿಡಬಹುದು. ಎರಡನೆಯದರಲ್ಲಿ ‘ವಿಚ್’ ಕೂರದು, ‘ದಟ್’ ಬಿಡುವುದೂ ಸಾಮಾನ್ಯವಾಗಿ ಒಪ್ಪದು. ವ್ಯಾಕರಣದ ಪುಸ್ತಕಗಳು ಪುಟಗಟ್ಟಲೆ ವಿವರಿಸುವ ಈ ವ್ಯತ್ಯಾಸವನ್ನು ತಳಿಯ ಮಕ್ಕಳು ತಾಯಿಮಾತಿನ ಬಲದಿಂದ ಒಂದೇ ಉಸಿರಿಗೆ ಬಿಡಿಸಿದ್ದರು.

ಶಿಕ್ಷಕಿ ಮುಂದುವರಿದರು. ‘ಬಾ ಎಂಬ ಕರೆ’, ‘ಯಾರು ಎಂಬ ಪ್ರಶ್ನೆ’ ಇವಕ್ಕೆ ‘ದಟ್’ ಹಾಕಬಹುದೇ? ಆಗದು. ‘ಎಂಬ’ದ ಹಿಂದೆ ಅಪ್ಪಣೆ, ಪ್ರಶ್ನೆ, ಉದ್ಗಾರ ಎಲ್ಲವೂ ಆಡಿದ ಹಾಗೆಯೇ ಇಳಿಯುತ್ತವೆ, ‘ದಟ್’ನ ಮುಂದೆ ಪೂರ್ತಿ ವಾಕ್ಯವೇ ಬೇಕು. ಅಪ್ಪಣೆಯಾದರೆ ‘ದಿ ಆರ್ಡರ್ ದಟ್ ಹಿ ಕಮ್’ ಎಂದು ಕ್ರಿಯಾಪದದ ಬಾಲ ಕತ್ತರಿಸಬೇಕು. ‘ಕಮ್ಸ್ ಅಲ್ವಾ ಮಿಸ್?’ ಎಂದು ಒಬ್ಬ ಕೇಳಿದ. ‘ಅವನು ಇನ್ನೂ ಬಂದಿಲ್ಲ, ಬರ್ತಾನೋ ಇಲ್ವೋ ಗೊತ್ತಿಲ್ಲ, ಬರ್ಬೇಕು ಅನ್ನೋ ಮಾತು ಮಾತ್ರ ಐತೆ’ ಎಂದರು ಶಿಕ್ಷಕಿ. ಇಂಗ್ಲಿಷಿನ ಆ ಸೂಕ್ಷ್ಮಕ್ಕೆ ಇದಕ್ಕಿಂತ ಚೊಕ್ಕ ವಿವರಣೆಯನ್ನು ನಾನು ಕೇಳಿಲ್ಲ.

ಕೊನೆಗೆ ಅವರೇ ಒಂದು ವಾಕ್ಯ ಕೇಳಿದರು. ಕಿಟಕಿಯ ಬಳಿ ಕುಳಿತಿದ್ದ ಹುಡುಗಿ ಎದ್ದು, ‘ನಾಳೆ ರಜ ಕೊಟ್ಟಿದಾರೆ ಎಂಬ ಸುದ್ದಿ ಸುಳ್ಳು’ ಎಂದಳು. ತರಗತಿ ನಕ್ಕಿತು. ಶಿಕ್ಷಕಿ ಅದನ್ನು ಹಲಗೆಯ ಮೇಲೆ ಬರೆದು, ‘ಎಂಬ’ವನ್ನು ಅಳಿಸಿ, ಕ್ರಿಯಾಪದವನ್ನು ತಿದ್ದಿ, ‘ನಾಳೆ ರಜ ಕೊಟ್ಟ ಸುದ್ದಿ ಸುಳ್ಳು’ ಎಂದು ಮಾಡಿದರು. ‘ಇದು ಸರಿಯಾ?’ ಎಂದು ಕೇಳಿದರು. ಸರಿ ಎಂದು ಕೆಲವರು, ತಪ್ಪು ಎಂದು ಹಲವರು. ಗದ್ದಲ ಎದ್ದಿತು. ಹುಡುಗಿ ಇನ್ನೂ ನಿಂತೇ ಇದ್ದಳು. ‘ರಜ ಕೊಟ್ಟ ಸುದ್ದಿ ಅಂದ್ರೆ ಕೊಟ್ಟೇಬಿಟ್ರು ಅಂತ ಅಲ್ವಾ ಮಿಸ್? ಕೊಟ್ಟಮೇಲೆ ಸುಳ್ಳು ಹೆಂಗಾಗ್ತೈತೆ? ಎಂಬ ಅಂತ ಹಾಕಿದ್ರೆ ಯಾರೋ ಅಂದಿದ್ದು ಅಷ್ಟೇ, ಸುಳ್ಳೂ ಆಗ್ಬೋದು.’